ಸ್ತನ ಕ್ಯಾನ್ಸರ್ ಅಂಟುವುದಿಲ್ಲ, ಅವರ ತಟ್ಟೆ ಬೇರೆ ಇಡಬೇಡಿ

ಸ್ತನ ಕ್ಯಾನ್ಸರ್ ಅಂಟುಜಾಡ್ಯವಲ್ಲ. ಈ ರೋಗವಿರುವಾಕೆಯ ಜೊತೆ ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ, ಆಕೆ ತಟ್ಟಿದ ರೊಟ್ಟಿ ತಿಂದರೆ, ಮೊಮ್ಮಗುವನ್ನು ಎತ್ತಿಕೊಂಡರೆ, ಗಂಡ ಹತ್ತಿರ ಬಂದರೆ ಅದು ಯಾರಿಗೂ ಬರುವುದಿಲ್ಲ. ಇಷ್ಟನ್ನು ಇವತ್ತಿಗೂ ಬರೆದು ಹೇಳಬೇಕಾಗಿದೆ ಎಂಬುದೇ ಸಿಟ್ಟು ತರಿಸುತ್ತದೆ. ಎಂಜಿನಿಯರ್ ಮಗ, ಬ್ಯಾಂಕಿನಲ್ಲಿ ಕೆಲಸ ಮಾಡುವ ಸೊಸೆ ಇರುವ ಮನೆಗಳಲ್ಲೇ ಈ ಭಯ ಬೇರು ಬಿಟ್ಟು ಕೂತಿದೆ.

ಬಂಧುಗಳ ಮನೆಯೊಂದರಲ್ಲಿ ಕಣ್ಣಾರೆ ಕಂಡದ್ದು: ಸ್ಟೀಲ್ ತಟ್ಟೆಯ ಹಿಂಬದಿಗೆ ಕೆಂಪು ನೇಲ್ ಪಾಲಿಶ್‌ನ ಚುಕ್ಕೆ. ಲೋಟದ ತಳಕ್ಕೂ ಅದೇ ಚುಕ್ಕೆ. ಮುಸುರೆ ತೊಳೆಯುವಾಗ ಮಿಕ್ಕ ಪಾತ್ರೆಗಳ ಜೊತೆ ಬೆರೆಯದಿರಲಿ ಎಂದು ಹಾಕಿದ ಗುರುತು. ಮನೆಮಂದಿಗೆಲ್ಲ ವರ್ಷಗಟ್ಟಲೆ ಬೇಯಿಸಿ ಬಡಿಸಿದಾಕೆ, ಎದೆಯ ಆಪರೇಷನ್ ಆಗಿ ಕೀಮೋ ನಡೆಯುತ್ತಿದ್ದಾಗ, ಊಟ ಮುಗಿಸಿ ತಾವೇ ಎದ್ದು ಹಿತ್ತಿಲ ಕಲ್ಲಿನ ಮೇಲೆ ಆ ತಟ್ಟೆಯನ್ನು ಒಂದೇ ಕೈಯಲ್ಲಿ ಉಜ್ಜಿ ಕಿಟಕಿಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದರು. ಹೀಗೇಕೆ ಎಂದು ಕೇಳಿದರೆ ಸೊಸೆ, “ಮನೇಲಿ ಚಿಕ್ಕ ಮಕ್ಕಳಿದಾರಲ್ಲ ಅಕ್ಕಾ” ಎಂದರು. ಆಕೆ ಕೆಟ್ಟವರಲ್ಲ. ಆಸ್ಪತ್ರೆಗೆ ಅತ್ತೆಯ ಜೊತೆ ಓಡಾಡುತ್ತಿದ್ದವರೂ ಅವರೇ. ಆದರೂ ಆ ಚುಕ್ಕೆ ಹಾಕಿದ್ದರು.

ಕ್ಯಾನ್ಸರ್ ಎಂದರೆ ಹೊರಗಿನಿಂದ ಬಂದ ಕ್ರಿಮಿಯಲ್ಲ. ರೋಗಿಯದೇ ಜೀವಕೋಶಗಳು ಅಂಕೆ ತಪ್ಪಿ ಬೆಳೆಯುತ್ತಿರುತ್ತವೆ. ಅವು ಎಂಜಲಿನಲ್ಲಿ ಬಂದು ಇನ್ನೊಬ್ಬರ ಹೊಟ್ಟೆ ಸೇರಿ ಬೇರೂರುವ ದಾರಿಯೇ ಇಲ್ಲ. ಇನ್ನೊಬ್ಬರ ಜೀವಕೋಶವನ್ನು ನಮ್ಮ ದೇಹ ಪರಕೀಯವೆಂದು ಗುರುತಿಸಿ ಕೊಂದುಹಾಕುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡವರು ಬದುಕಿರುವವರೆಗೂ ಮಾತ್ರೆ ನುಂಗುವುದು ಈ ಕಾರಣಕ್ಕೇ. ಒಡಹುಟ್ಟಿದ ಅಣ್ಣನ ಕಿಡ್ನಿಯನ್ನೂ ಸುಲಭವಾಗಿ ಒಪ್ಪದ ದೇಹ ಅದು. 1808ರಲ್ಲಿ ಪ್ಯಾರಿಸ್‌ನ ಸಾಂ ಲೂಯಿ ಆಸ್ಪತ್ರೆಯ ವೈದ್ಯ ಜಾಂ ಲೂಯಿ ಅಲಿಬೆರ್, ರೋಗಿಯೊಬ್ಬರ ಸ್ತನದ ಗಡ್ಡೆಯಿಂದ ತೆಗೆದದ್ದನ್ನು ತನ್ನ ಮೈಗೇ ಚುಚ್ಚಿಕೊಂಡ. ಚುಚ್ಚಿದ ಜಾಗ ಊದಿಕೊಂಡಿತು, ಕ್ಯಾನ್ಸರ್ ಬರಲಿಲ್ಲ. ಸೂಜಿಯಲ್ಲಿ ಒಳಗೆ ಹಾಕಿಕೊಂಡರೂ ಅಂಟದ್ದು ಲೋಟದ ಅಂಚಿನಿಂದ ಅಂಟೀತೇ?

“ಹಾಗಾದರೆ ಅಕ್ಕನಿಗೆ ಬಂದದ್ದು ತಂಗಿಗೂ ಯಾಕೆ ಬಂತು?” ಎನ್ನುತ್ತಾರೆ. ಇಬ್ಬರಿಗೂ ಹೆತ್ತವರಿಂದ ಒಂದೇ ವಂಶವಾಹಿ ದೋಷ ಬಂದಿರಬಹುದು. ನೂರರಲ್ಲಿ ಐದರಿಂದ ಹತ್ತು ಪ್ರಕರಣಗಳು ಹಾಗಿರುತ್ತವೆ. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್ ಒಬ್ಬರಿಂದೊಬ್ಬರಿಗೆ ದಾಟುವುದು ನಿಜ. ಅದನ್ನು ತಂದು ಇದಕ್ಕೆ ಗಂಟು ಹಾಕಬೇಡಿ. ಹೊರಗಿನಿಂದ ‘ಕರೆಂಟು’ ಕೊಟ್ಟಮೇಲೆ ಮೈಯಲ್ಲಿ ವಿಕಿರಣ ಉಳಿಯುತ್ತದೆ ಎಂಬುದೂ ಸುಳ್ಳು. ಯಂತ್ರ ನಿಂತರೆ ಅದೂ ನಿಂತಿತು, ಆ ಸಂಜೆಯೇ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ಎಚ್ಚರ ಬೇಕಾಗಿರುವುದು ಕೀಮೋ ಔಷಧಿಯ ವಿಚಾರದಲ್ಲಿ. ಮೊದಲ ಎರಡು ದಿನ ಅದರ ಅಂಶ ಮೂತ್ರ, ವಾಂತಿಯಲ್ಲಿ ಹೊರಬರುತ್ತದೆ. ಶೌಚಾಲಯಕ್ಕೆ ಹೆಚ್ಚು ನೀರು ಹಾಕಿ, ವಾಂತಿಯಾದ ಬಟ್ಟೆಯನ್ನು ಗ್ಲೌಸ್ ಹಾಕಿಕೊಂಡು ಬೇರೆಯಾಗಿ ಒಗೆಯಿರಿ, ಬಸುರಿಯರಿಗೆ ಆ ಕೆಲಸ ಬೇಡ. ಕೀಮೋ ನಡೆಯುವಾಗ ಎದೆಹಾಲು ಕೊಡಬಾರದು ಎನ್ನುವುದೂ ಔಷಧಿ ಹಾಲಿಗೆ ಇಳಿಯುತ್ತದೆ ಎಂಬ ಕಾರಣಕ್ಕೆ. ರೋಗ ಹಾಲಿನಲ್ಲಿ ಹೋಗುವುದಿಲ್ಲ.

ಬೇರೆ ತಟ್ಟೆಯಿಂದ ಆಗುವ ದೊಡ್ಡ ಅನಾಹುತ ಆ ಮನೆಯಾಚೆಗಿದೆ. ಅದನ್ನು ನೋಡಿದ ನಾದಿನಿ, ಪಕ್ಕದ ಮನೆಯಾಕೆ, ಕೆಲಸಕ್ಕೆ ಬರುವಾಕೆ ತಮ್ಮ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿದ ದಿನ ಬಾಯಿ ಬಿಡುವುದಿಲ್ಲ. ಅರಿಶಿನ-ಕುಂಕುಮಕ್ಕೆ ಕರೆಯುವುದು ನಿಂತೀತು, ಮಗಳ ಸಂಬಂಧ ತಪ್ಪೀತು ಎಂದು ಸೆರಗು ಎಳೆದುಕೊಂಡು ಸುಮ್ಮನಾಗುತ್ತಾರೆ. 2022ರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಆ ಒಂದೇ ವರ್ಷ ಸುಮಾರು 1.9 ಲಕ್ಷ ಮಹಿಳೆಯರಿಗೆ ಈ ರೋಗ ಹೊಸದಾಗಿ ಕಂಡಿತು, ಸುಮಾರು 98 ಸಾವಿರ ಮಂದಿ ಸತ್ತರು. ಇಷ್ಟು ಸಾವಿಗೆ ಒಂದು ದೊಡ್ಡ ಕಾರಣ ತಡವಾಗಿ ಆಸ್ಪತ್ರೆಗೆ ಬರುವುದು. ಬೇಗ ಬಂದವರಲ್ಲಿ ಬಹಳಷ್ಟು ಮಂದಿ ಗುಣವಾಗಿ ಮನೆಗೆ ಹೋಗುತ್ತಾರೆ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ನೋವಿಲ್ಲದ ಗಂಟನ್ನೇ ಮೊದಲು ತೋರಿಸಬೇಕು, ಕ್ಯಾನ್ಸರ್ ಗಂಟು ಮೊದಮೊದಲು ಸಾಮಾನ್ಯವಾಗಿ ನೋಯುವುದಿಲ್ಲ. ಬಯಾಪ್ಸಿ ಸೂಜಿ ಚುಚ್ಚಿದ್ದಕ್ಕೆ ರೋಗ ಮೈಯೆಲ್ಲ ಹರಡುವುದಿಲ್ಲ. ಮಗು ಒದ್ದ ಪೆಟ್ಟಿನಿಂದಾಗಲಿ, ಬಿಗಿಯಾದ ಬ್ರಾದಿಂದಾಗಲಿ ಕ್ಯಾನ್ಸರ್ ಬರುವುದಿಲ್ಲ. ಸ್ತನ ಪೂರ್ತಿ ತೆಗೆಯಲೇಬೇಕೆಂದಿಲ್ಲ. ಗಡ್ಡೆ ಚಿಕ್ಕದಿದ್ದರೆ ಅದನ್ನಷ್ಟೇ ತೆಗೆದು ವಿಕಿರಣ ಕೊಟ್ಟರೆ ಆಯಸ್ಸಿನಲ್ಲಿ ವ್ಯತ್ಯಾಸವಿಲ್ಲ. ಆಪರೇಷನ್ ಆದ ಕಡೆಯ ಕೈ ಎತ್ತಲೇಬಾರದು ಎಂದು ಕೂರಿಸಿದರೆ ಭುಜ ಹಿಡಿದುಕೊಂಡು ಜಡೆ ಹಾಕಿಕೊಳ್ಳಲೂ ಆಗದಂತಾಗುತ್ತದೆ. ಆಸ್ಪತ್ರೆಯಲ್ಲಿ ಹೇಳಿಕೊಟ್ಟ ವ್ಯಾಯಾಮ ದಿನವೂ ಮಾಡಿಸಿ.

ಆಪರೇಷನ್ ಬೇಕು ಎಂದ ಡಾಕ್ಟರ ಮಾತನ್ನು ಇನ್ನಿಬ್ಬರಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳುವ ನಮ್ಮ ಜನ, ಲಕ್ಷ್ಮಣಫಲದ ಎಲೆ ಕಷಾಯಕ್ಕೆ ಗಡ್ಡೆ ಕರಗುತ್ತದೆ ಎಂಬ ವಾಟ್ಸಾಪ್ ಸಂದೇಶವನ್ನು ಒಬ್ಬರಲ್ಲೂ ಕೇಳದೆ ನಂಬುತ್ತಾರೆ. ಅದು ಮನುಷ್ಯರ ಕ್ಯಾನ್ಸರ್ ಗುಣಪಡಿಸುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಕಷಾಯ ಕುಡಿಯುತ್ತಾ ಕಳೆದ ತಿಂಗಳುಗಳಲ್ಲಿ ಗಂಟು ಕಂಕುಳಿಗೆ ಇಳಿದಿರುತ್ತದೆ. ಸಂದೇಶ ಕಳಿಸಿದವರು ಆಗ ಫೋನ್ ಎತ್ತುವುದೂ ಇಲ್ಲ.

ಇನ್ನು ಸೋಂಕಿನ ಭಯವೇ ಇದ್ದರೆ ಅದು ಆಕೆಗಿರಬೇಕು, ನಮ್ಮಿಂದ. ಕೀಮೋ ಆದ ಒಂದೆರಡು ವಾರ ಬಿಳಿರಕ್ತಕಣ ಇಳಿದಿರುತ್ತದೆ. ನೋಡಲು ಬಂದವರ ನೆಗಡಿ, ಮೊಮ್ಮಗ ಶಾಲೆಯಿಂದ ತಂದ ಕೆಮ್ಮು ಆಕೆಗೆ ನ್ಯುಮೋನಿಯಾ ಆಗಬಹುದು. ಕೈ ತೊಳೆದು ಹತ್ತಿರ ಹೋಗಿ, ನೆಗಡಿಯಿದ್ದರೆ ಹೋಗಬೇಡಿ. ಥರ್ಮಾಮೀಟರ್ 100.4 ಡಿಗ್ರಿ ತೋರಿಸಿದರೆ ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಕಾಯದೆ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.