ಫೋನ್ ಸ್ಟೋರೇಜ್: ಒಂಟಿ ತಂತಿಯೋ, ಜೋಡಿ ತಂತಿಯೋ?

ಎರಡು ಫೋನು, ಎರಡರಲ್ಲೂ 128 ಜಿಬಿ, ಬೆಲೆಯೂ ಹೆಚ್ಚುಕಮ್ಮಿ ಒಂದೇ. ಆದರೆ ಒಂದರ ವಿವರದಲ್ಲಿ ಇಎಂಎಂಸಿ 5.1 ಅಂತಿದೆ, ಇನ್ನೊಂದರಲ್ಲಿ ಯುಎಫ್‌ಎಸ್ 2.2. ನಾನಾದ್ರೆ ಎರಡನೇದನ್ನೇ ತಗೊಳ್ತೀನಿ. ಯಾಕೆ ಅಂತ ಹೇಳೋಕೆ ಹೊಳೆ ಹತ್ತಿರ ಹೋಗೋಣ.

ನಂಜನಗೂಡು ದಾಟಿದ ಕಪಿಲೆ ತಿ.ನರಸೀಪುರದಲ್ಲಿ ಕಾವೇರಿಗೆ ಸೇರ್ತಾಳೆ. ಆ ಸಂಗಮದಲ್ಲಿ ಒಂದು ಹರಿಗೋಲು, ಅದರಲ್ಲಿ ಇಬ್ಬರು ನಿಂತಿದಾರೆ ಅಂದ್ಕೊಳ್ಳಿ. ದಡದಲ್ಲಿ ನಿಂತು ಒಬ್ಬನ ತಲೆ ಎಷ್ಟು ಎತ್ತರದಲ್ಲಿದೆ ಅಂತ ಅಳೆದ್ರೆ, ಅಲೆ ಬಂದಾಗೆಲ್ಲ ಲೆಕ್ಕ ತಪ್ಪುತ್ತೆ. ಅದೇ, ಇಬ್ಬರಲ್ಲಿ ಯಾರು ಉದ್ದ ಅಂತ ನೋಡಿ. ಅಲೆ ಇಬ್ಬರನ್ನೂ ಒಟ್ಟಿಗೇ ಎತ್ತುತ್ತೆ, ವ್ಯತ್ಯಾಸ ಹಾಗೇ ಉಳಿಯುತ್ತೆ.

ತಂತಿಯಲ್ಲೂ ಇದೇ ಕತೆ. ಒಂಟಿ ತಂತಿಯ ವೋಲ್ಟೇಜನ್ನು ಗ್ರೌಂಡ್‌ಗೆ ಹೋಲಿಸಿ ಓದೋದು ಸಿಂಗಲ್ ಎಂಡೆಡ್. ಇಎಂಎಂಸಿಯ 8 ಡೇಟಾ ಗೆರೆಗಳು ಈ ಜಾತಿ. ಜೋಡಿ ತಂತಿಯಲ್ಲಿ ಒಂದು ಏರಿದಾಗ ಇನ್ನೊಂದು ಇಳಿಯುತ್ತೆ. ಚಿಪ್ ಎರಡರ ವ್ಯತ್ಯಾಸವನ್ನಷ್ಟೇ ಓದುತ್ತೆ. ಇದು ಡಿಫರೆನ್ಷಿಯಲ್. ಒಂದರಲ್ಲಿ +0.2 ವೋಲ್ಟ್, ಇನ್ನೊಂದರಲ್ಲಿ -0.2, ವ್ಯತ್ಯಾಸ 0.4. ಹೊರಗಿನ ಗದ್ದಲ ಎರಡಕ್ಕೂ 0.1 ಸೇರಿಸಿತು ಅನ್ನಿ: 0.3 ಮತ್ತು -0.1. ವ್ಯತ್ಯಾಸ ಈಗಲೂ 0.4! ಗದ್ದಲದ ಭಯ ಇಲ್ಲದಿದ್ರೆ ವೋಲ್ಟೇಜ್ ಸಣ್ಣದಿದ್ರೂ ಸಾಕು. ಸಣ್ಣದಿದ್ದಷ್ಟೂ ಬೇಗ ಬೇಗ ಏರಿಳಿಸಬಹುದು.

ಕಂಪ್ಯೂಟರ್‌ನಲ್ಲೂ ಹೀಗೇ ಆಯ್ತು. ಹಳೇ ಐಡಿಇ ಹಾರ್ಡ್‌ಡಿಸ್ಕಿನ ಅಗಲ ಪಟ್ಟಿ ಕೇಬಲ್ ಸುಮಾರು 46 ಸೆಂ.ಮೀ. ಮೀರುವಂತಿರಲಿಲ್ಲ, ವೇಗ ಸೆಕೆಂಡಿಗೆ 133 ಎಂಬಿಗೆ ನಿಂತಿತು. ಆಮೇಲೆ ಬಂದ ಸಾಟಾದಲ್ಲಿ ಬರೀ ಎರಡು ಜೋಡಿ, ಜತೆಗೆ ಗ್ರೌಂಡ್. ಕೇಬಲ್ 1 ಮೀಟರ್‌ವರೆಗೆ, ವೇಗ 600 ಎಂಬಿವರೆಗೆ.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಆಸ್ಟ್ರಿಯಾದ ಎಟಿ ಆ್ಯಂಡ್ ಎಸ್ ಕಂಪನಿಯ ಪಿಸಿಬಿ ಕಾರ್ಖಾನೆ ಇದೆ. ಪಿಸಿಬಿ ಅಂದ್ರೆ ಚಿಪ್‌ಗಳು ಕೂರೋ ಹಲಗೆ. ಯಾವುದಾದ್ರೂ ಹಳೇ ಬೋರ್ಡ್ ಸಿಕ್ಕಿದ್ರೆ ಕಣ್ಣಾಡಿಸಿ: ಕೆಲವು ತಾಮ್ರದ ಗೆರೆಗಳು ಜೋಡಿಯಾಗಿ ಹೋಗ್ತವೆ, ನಡುವೆ ಒಂದು ಹಾವಿನ ಥರ ಸುಮ್ನೆ ತಿರುವು ತಗೊಳ್ಳುತ್ತೆ. ಸುಮ್ನೆ ಅಲ್ಲ, ಎರಡರ ಉದ್ದ ಸಮ ಮಾಡೋಕೆ. ಒಂದು ತಡವಾಗಿ ತಲುಪಿದ್ರೆ ಕಳೆಯೋ ಲೆಕ್ಕವೇ ಕೆಡುತ್ತೆ.

ಯುಎಫ್‌ಎಸ್ ಈ ಜೋಡಿ ಪದ್ಧತಿಯದ್ದು. ಓದೋಕೆ, ಬರೆಯೋಕೆ ಬೇರೆ ಬೇರೆ ಜೋಡಿ. ಇಎಂಎಂಸಿ 5.1ರ ಮಿತಿ ಸೆಕೆಂಡಿಗೆ 400 ಎಂಬಿ, ಯುಎಫ್‌ಎಸ್ 2.2ರದ್ದು ಸುಮಾರು 1,200. ಕೈಗೆ ಸಿಗೋ ವೇಗ ಒಳಗಿನ ಮೆಮೊರಿ ಚಿಪ್ ಮೇಲೂ ನಿಂತಿರುತ್ತೆ ಅನ್ನೋದು ಬೇರೆ ಮಾತು.

ಬಾಕ್ಸ್ ಮೇಲೆ ಬರೀ ‘128 ಜಿಬಿ’ ಅಂತಿದ್ರೆ, ದುಡ್ಡು ಕೊಡೋ ಮೊದಲು ಕಂಪನಿಯ ವೆಬ್‌ಸೈಟಿನಲ್ಲಿ ಸ್ಟೋರೇಜ್ ಟೈಪ್ ನೋಡ್ಕೊಳ್ಳಿ. ಆ ಚಿಪ್ಪನ್ನ ಬೋರ್ಡಿಗೇ ಬೆಸೆದಿರ್ತಾರೆ; ಮೆಮೊರಿ ಕಾರ್ಡ್ ಥರ ಆಮೇಲೆ ತೆಗೆದು ಬದಲಾಯಿಸೋಕಾಗಲ್ಲ.