ವೃಕ್ಕರೋಗಿಯ ಪಥ್ಯವೂ ಮಾಂಸರಸವೂ

ಚಾಮರಾಜಪೇಟೆಯಲ್ಲಿರುವ ನಮ್ಮ ಮಿತ್ರರೊಬ್ಬರು, ವಿಶ್ರಾಂತ ಉಪಾಧ್ಯಾಯರು, ಮೂತ್ರಪಿಂಡಗಳ ವ್ಯಾಧಿಗೆ ಗುರಿಯಾದರು. ವೈದ್ಯರು ಕುರಿಯ ಮಾಂಸವನ್ನು ಮಿತಗೊಳಿಸಬೇಕೆಂದರು. ಬಂಧುಗಳಾದರೋ ದೇಹವು ಸೊರಗಿತೆಂದು ಕಾಲುಸಾರನ್ನು ಕುಡಿಸಲು ಉದ್ಯುಕ್ತರಾಗಿ, “ಕೃಶನಾದವನಿಗೆ ಮಾಂಸರಸವೇ ಹಿತವೆಂದು ಚರಕನು ಹೇಳಿಲ್ಲವೆ, ಪಂಡಿತರೆ?” ಎಂದು ನನ್ನನ್ನು ಸಾಕ್ಷಿಗೆ ಕರೆದರು.

ಚರಕನು ಬೃಂಹಣದ್ರವ್ಯಗಳಲ್ಲಿ ಮಾಂಸಕ್ಕೆ ಅಗ್ರಸ್ಥಾನವನ್ನು ಕೊಟ್ಟಿರುವುದೂ, ಆಡಿನ ಮಾಂಸವು ಮನುಷ್ಯಧಾತುಗಳಿಗೆ ಸಮಾನವೆಂದಿರುವುದೂ ನಿಜ. ಆದರೆ ಅವನು ‘ವೃಕ್ಕ’ವನ್ನು ಮೇದೋವಹ ಸ್ರೋತಸ್ಸುಗಳ ಮೂಲವೆಂದು ಎಣಿಸುತ್ತಾನೆ, ಮೂತ್ರವಹ ಸ್ರೋತಸ್ಸುಗಳ ಮೂಲವು ಅವನಿಗೆ ಬಸ್ತಿ ಮತ್ತು ವಂಕ್ಷಣಗಳು. ಸುಶ್ರುತನೂ ವೃಕ್ಕಗಳನ್ನು ಮೇದಸ್ಸಿನೊಡನೆಯೇ ಸೇರಿಸಿದ್ದಾನೆ. ಆದುದರಿಂದ ಕಾರ್ಶ್ಯಕ್ಕೆ ಹೇಳಿದ ಮಾತನ್ನು, ರಕ್ತವನ್ನು ಶೋಧಿಸುವ ಅವಯವವು ಕೆಟ್ಟವನಿಗೆ ಅನ್ವಯಿಸುವುದು ವಾಕ್ಯವನ್ನು ಪ್ರಕರಣದಿಂದ ಕಿತ್ತಂತೆಯೇ ಸರಿ. ಸಾಕ್ಷಿಯೇ ಬೇಕಾದರೆ ಪ್ರಮೇಹಪ್ರಕರಣವನ್ನು ನೋಡತಕ್ಕದ್ದು: ಅಲ್ಲಿ ಗ್ರಾಮ್ಯ, ಔದಕ, ಆನೂಪ ಪ್ರಾಣಿಗಳ ಮಾಂಸರಸದ ಅತಿಸೇವನೆಯು ರೋಗಕಾರಣಗಳಲ್ಲಿ ಒಂದು. ಇಂದು ಮೂತ್ರಪಿಂಡಗಳು ಕೆಡುವುದಕ್ಕೆ ಮಧುಮೇಹವೇ ಪ್ರಧಾನ ಕಾರಣಗಳಲ್ಲೊಂದೆಂಬುದನ್ನು ವಾಚಕರು ಬಲ್ಲರು.

ಕರ್ಣಾಟಕದ ವೈದ್ಯಪರಂಪರೆಯಲ್ಲಿ ಇದಕ್ಕೆ ಪ್ರತಿಪಕ್ಷವೂ ಉಂಟು. ಜೈನಾಚಾರ್ಯ ಉಗ್ರಾದಿತ್ಯನ ಸಂಸ್ಕೃತ ‘ಕಲ್ಯಾಣಕಾರಕ’ದ ಹಿತಾಹಿತಾಧ್ಯಾಯವು ಚಿಕಿತ್ಸೆಯಲ್ಲಿ ಮಾಂಸವು ನಿಷ್ಪ್ರಯೋಜಕವೆಂದು ನೃಪತುಂಗನ ಸಭೆಯಲ್ಲಿ ವಾದಿಸಿದ ಪ್ರಸಂಗವಾಗಿದೆ. ಪೂಜ್ಯಪಾದರ ಗ್ರಂಥವನ್ನು ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನೂ ಮದ್ಯಮಾಂಸಮಧುಗಳನ್ನು ಬಿಟ್ಟೇ ಔಷಧಗಳನ್ನು ಹೇಳಿದನು. ಇದು ನಮ್ಮ ನಾಡಿಗೆ ಹೆಮ್ಮೆಯ ವಿಷಯವೇ. ಆದರೂ ಉಗ್ರಾದಿತ್ಯನ ವಾದಕ್ಕೆ ಬೆನ್ನೆಲುಬು ಅಹಿಂಸಾಧರ್ಮ. ಅದನ್ನು ವೃಕ್ಕರೋಗದ ಪ್ರಮಾಣವಾಗಿ ಎತ್ತಿಹಿಡಿಯುವುದೂ ಬಂಧುಗಳು ಮಾಡಿದ ತಪ್ಪನ್ನೇ ಮಾಡಿದಂತೆ.

ಈಗಿನ ವೈದ್ಯರ ಲೆಕ್ಕವು ಬೇರೆ ದಾರಿಯದು. ರಕ್ತಶೋಧನಯಂತ್ರದ ಆಶ್ರಯವಿನ್ನೂ ಬೇಡದ ರೋಗಿಗೆ ದೇಹತೂಕದ ಕಿಲೋಗ್ರಾಮಿಗೆ ದಿನಕ್ಕೆ ಸುಮಾರು 0.8 ಗ್ರಾಂ ಸಸಾರಜನಕ, ಅಂದರೆ 60 ಕಿಲೋಗ್ರಾಮಿನವನಿಗೆ 48 ಗ್ರಾಂ. ಬೆಂದ ಕುರಿಮಾಂಸ 100 ಗ್ರಾಮಿನಲ್ಲೇ ಸುಮಾರು 25 ಗ್ರಾಂ ಇರುವುದರಿಂದ ದಿನದ ಅರ್ಧಭಾಗವು ಒಂದು ಬಟ್ಟಲಿನಲ್ಲಿಯೇ ಮುಗಿಯುತ್ತದೆ. ಯಂತ್ರದಿಂದ ರಕ್ತಶೋಧನೆ ನಡೆಯುತ್ತಿರುವವನಿಗೆ 1.0ರಿಂದ 1.2 ಗ್ರಾಂವರೆಗೆ ಬೇಕು. ಅವನಿಗೆ ಮಾಂಸವು ಸರ್ವಥಾ ನಿಷಿದ್ಧವಲ್ಲ. ಮಾಂಸದ ರಂಜಕವು ಬೇಳೆಕಾಳುಗಳದಕ್ಕಿಂತ ಹೆಚ್ಚಾಗಿ ದೇಹಗತವಾಗುತ್ತದೆ. ನೀರಿನಲ್ಲಿ ಬೇಯಿಸುವಾಗ ರಂಜಕ, ಪೊಟ್ಯಾಸಿಯಂಗಳ ಒಂದು ಪಾಲು ಸಾರಿಗೆ ಇಳಿಯುತ್ತದೆ. ಯಾವ ರಸವನ್ನು ಪೂರ್ವಿಕರು ಸಾರಭೂತವೆಂದು ಕೊಂಡಾಡಿದರೋ ಅದೇ ಈ ರೋಗಿಗೆ ವರ್ಜ್ಯವಾಗುವುದು ಹೀಗೆ. ಶಾಕಾಹಾರಿಗಳೂ ಮೀಸೆ ತಿರುವಬೇಕಾಗಿಲ್ಲ: ಗಾಂಧಿಬಜಾರಿನ ಎಳನೀರು, ಬಾಳೆಹಣ್ಣುಗಳಲ್ಲಿಯೂ ಪೊಟ್ಯಾಸಿಯಂ ಯಥೇಷ್ಟವಾಗಿದೆ.

ಇಷ್ಟನ್ನು ನಿವೇದಿಸಿ, ರಕ್ತಪರೀಕ್ಷೆಯನ್ನು ಕಂಡ ವೈದ್ಯರ ಮಾತೇ ಕೊನೆಯದೆಂದು ತಿಳಿಸಿದೆನು. ಮಿತ್ರರು ಈಗ ಅವರ ಅನುಮತಿಯಂತೆ ಎಂದಾದರೊಮ್ಮೆ ನೀರು ಬಸಿದ ಎರಡು ತುಂಡುಗಳನ್ನು ತಿನ್ನುತ್ತಾರೆ. ಸಾರು ಬಂಧುಗಳ ಪಾಲಾಗಿದೆ.