ಕಷಾಯಕ್ಕೊಂದು ಕ್ಯಾಲೆಂಡರ್

ನೆಗಡಿ ಬಂದಷ್ಟೇ ಬೇಗ ಹೋಗುತ್ತದೆ. ಎದೆಯಲ್ಲಿ ಕಟ್ಟಿದ ಕಫ ಹೋಗುವುದಿಲ್ಲ. ಜ್ವರ ಇಳಿದಿರುತ್ತದೆ, ಮೂಗು ಸೋರುವುದು ನಿಂತಿರುತ್ತದೆ, ಆದರೆ ರಾತ್ರಿ ಮಲಗಿದೊಡನೆ ಎದೆ ಗೊರಗೊರ ಎನ್ನುತ್ತದೆ. ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವನ ಗುಡಿಯ ಸುತ್ತ ಕಡಲೆಕಾಯಿ ಪರಿಷೆ ನೆರೆಯುವ ಹೊತ್ತಿಗೆ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಮನೆಗಳಲ್ಲಿ ಈ ದೂರು ಮಾಮೂಲು. ಔಷಧಿಗೂ ದೂರ ಹೋಗಬೇಕಿಲ್ಲ. ಕಾಂಪೌಂಡಿನ ಕುಂಡದಲ್ಲಿ ದೊಡ್ಡಪತ್ರೆ, ಕಟ್ಟೆಯಲ್ಲಿ ತುಳಸಿ, ಡಬ್ಬಿಯಲ್ಲಿ ಮೆಣಸು, ಜೀರಿಗೆ, ಓಮ. ಇಲ್ಲದ ಹಿಪ್ಪಲಿ, ಒಣಶುಂಠಿ, ಅತಿಮಧುರಕ್ಕೆ ಗ್ರಂಧಿಗೆ ಅಂಗಡಿ. ಇವು ಕೆಲಸ ಮಾಡುತ್ತವೆಯೇ ಎಂಬ ವಾದ ಪ್ರತಿ ಚಳಿಗಾಲವೂ ಮನೆಮನೆಯಲ್ಲಿ ನಡೆಯುತ್ತದೆ. ಅಜ್ಜಿಯ ಪಕ್ಷ ಒಂದು, ಓದಿದ ಮೊಮ್ಮಕ್ಕಳ ಪಕ್ಷ ಇನ್ನೊಂದು. ನನಗೆ ಆ ವಾದಕ್ಕಿಂತ ಮುಖ್ಯವಾಗಿ ಕಾಣುವ ಪ್ರಶ್ನೆ ಬೇರೆ: ಕಷಾಯವನ್ನು ಎಷ್ಟು ದಿನ ಕುಡಿಯಬೇಕು? ಪಾಕವಿಧಾನ ಎಲ್ಲರಿಗೂ ಗೊತ್ತು, ದಿನದ ಲೆಕ್ಕ ಯಾರೂ ಇಡುವುದಿಲ್ಲ. ಮನೆಮದ್ದಿನಿಂದ ಆಗುವ ಒಳ್ಳೆಯದೂ ಕೆಟ್ಟದ್ದೂ ಹೆಚ್ಚುಪಾಲು ಆ ಲೆಕ್ಕದಲ್ಲೇ ಇದೆ.

ಮೊದಲು ಈ ಕಟ್ಟುವಿಕೆ ಏನೆಂದು ನೋಡೋಣ. ಶ್ವಾಸನಾಳದ ಒಳಪದರದ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಗಾಳಿಗೆ ಬಾಗುವ ಪೈರಿನಂತೆ ಅವು ಒಂದೇ ದಿಕ್ಕಿಗೆ ಬೀಸುತ್ತ, ಧೂಳು ಮೆತ್ತಿದ ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತಿರುತ್ತವೆ. ನೆಗಡಿಯ ವೈರಸ್ಸು ಈ ಪದರವನ್ನೇ ಕೆಡಿಸುತ್ತದೆ. ಲೋಳೆ ಹೆಚ್ಚುತ್ತದೆ, ಅದನ್ನು ಸಾಗಿಸುವ ರೋಮಗಳು ಸೋಲುತ್ತವೆ. ಆಗ ಕೆಲಸ ಕೆಮ್ಮಿನ ಪಾಲಿಗೆ ಬೀಳುತ್ತದೆ. ವೈರಸ್ಸು ಹೋದ ಮೇಲೂ ಪದರ ಮತ್ತೆ ಬೆಳೆದು ಸರಿಹೋಗಲು ವಾರಗಳು ಬೇಕು. ಅಮೆರಿಕದ ವೈದ್ಯರ ತಂಡವೊಂದು 2013ರಲ್ಲಿ ಈ ಬಗೆಯ ಕೆಮ್ಮು ಎಷ್ಟು ದಿನ ಇರುತ್ತದೆಂದು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿತು. ಸರಾಸರಿ ಸುಮಾರು 18 ದಿನ ಬಂತು. ಅದೇ ತಂಡ ಜನರನ್ನು ಕೇಳಿದಾಗ ಅವರು ಹೇಳಿದ್ದು ಏಳರಿಂದ ಒಂಬತ್ತು ದಿನ. ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲೇ ನಮ್ಮ ಗೊಂದಲವೆಲ್ಲ ಹುಟ್ಟುತ್ತದೆ. ಒಂಬತ್ತನೆಯ ದಿನವೂ ಕೆಮ್ಮು ನಿಲ್ಲದಿದ್ದಾಗ ಒಬ್ಬರು ಆ್ಯಂಟಿಬಯಾಟಿಕ್ ಕೇಳಿ ಪಡೆಯುತ್ತಾರೆ, ಇನ್ನೊಬ್ಬರು ಆಡುಸೋಗೆ ಕಷಾಯ ಶುರು ಮಾಡುತ್ತಾರೆ. ಹದಿನೆಂಟನೆಯ ದಿನಕ್ಕೆ ಇಬ್ಬರ ಕೆಮ್ಮೂ ನಿಂತಿರುತ್ತದೆ. ಇಬ್ಬರೂ ತಮ್ಮ ತಮ್ಮ ಮದ್ದಿಗೆ ಕೈಮುಗಿಯುತ್ತಾರೆ. ಆ್ಯಂಟಿಬಯಾಟಿಕ್ ಇಂಥ ಕೆಮ್ಮನ್ನು ಕಡಿಮೆ ಮಾಡುವುದು ಹೆಚ್ಚೆಂದರೆ ಅರ್ಧ ದಿನ. ಕಫ ಹಸಿರಾಗಿದೆ ಎಂಬುದೂ ಬ್ಯಾಕ್ಟೀರಿಯಾಕ್ಕೆ ಸಾಕ್ಷಿಯಲ್ಲ. ಸೋಂಕಿನ ವಿರುದ್ಧ ಹೋರಾಡಿದ ಬಿಳಿ ರಕ್ತಕಣಗಳಲ್ಲಿರುವ ಕಿಣ್ವದ ಬಣ್ಣ ಅದು.

ಹಾಗಾದರೆ ಕಷಾಯ ಬರೀ ಕಾಲಹರಣವೇ? ಅಲ್ಲ ಎನ್ನಲು ಆಧಾರಗಳಿವೆ, ಕೆಲವು ಸೊಗಸಾದವು. ವೇಲ್ಸ್‌ನ ಕಾರ್ಡಿಫ್‌ನಲ್ಲಿ 2008ರಲ್ಲಿ ನೆಗಡಿಯಾದ 30 ಜನರಿಗೆ ಒಂದೇ ಹಣ್ಣಿನ ಪಾನೀಯವನ್ನು ಕೆಲವರಿಗೆ ಬಿಸಿಯಾಗಿ, ಕೆಲವರಿಗೆ ಹಾಗೆಯೇ ಕೊಟ್ಟು ನೋಡಿದರು. ಮೂಗಿನಲ್ಲಿ ಹರಿಯುವ ಗಾಳಿಯ ಅಳತೆ ಎರಡರಲ್ಲೂ ಬದಲಾಗಲಿಲ್ಲ. ಆದರೆ ಗಂಟಲು ನೋವು, ಚಳಿ, ದಣಿವು ಬಿಸಿ ಕುಡಿದವರಿಗಷ್ಟೇ ತಗ್ಗಿತು. ಮೆಣಸಿನ ಸಾರು ಕುಡಿದಾಗ ಜೀವಕ್ಕೆ ಹಾಯೆನ್ನಿಸುವುದು ಭ್ರಮೆಯಲ್ಲ ಎಂದಾಯಿತು. ದೊಡ್ಡಪತ್ರೆ ಎಲೆ ಬಾಡಿಸಿ, ರಸ ಹಿಂಡಿ, ಜೇನು ಬೆರೆಸಿ ಮಕ್ಕಳಿಗೆ ನೆಕ್ಕಿಸುವ ರೂಢಿಯಲ್ಲಿ ಎಲೆಗಿಂತ ಗಟ್ಟಿಯಾದ ಸಾಕ್ಷ್ಯ ಇರುವುದು ಜೇನಿಗೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನಡೆದು 2007ರಲ್ಲಿ ಪ್ರಕಟವಾದ, 105 ಮಕ್ಕಳನ್ನು ಒಳಗೊಂಡ ಅಧ್ಯಯನದಲ್ಲಿ ಮಲಗುವ ಮುನ್ನ ಕೊಟ್ಟ ಒಂದು ಪ್ರಮಾಣದ ಜೇನು ರಾತ್ರಿಯ ಕೆಮ್ಮನ್ನು ತಗ್ಗಿಸಿತು. ಕೆಮ್ಮಿನ ಸಿರಪ್ಪುಗಳಲ್ಲಿ ಬಳಸುವ ಡೆಕ್ಸ್ಟ್ರೊಮೆಥಾರ್ಫನ್ ಏನೂ ಕೊಡದೆ ಇರುವುದಕ್ಕಿಂತ ಮೇಲೆಂದು ತೋರಲಿಲ್ಲ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2019ರಿಂದ ಜೇನನ್ನೇ ಮೊದಲು ಹೇಳುತ್ತದೆ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಒಂದು ಹನಿಯೂ ಕೂಡದು. ಜೇನಿನಲ್ಲಿ ಇರಬಹುದಾದ ಬಾಟ್ಯುಲಿಸಂ ರೋಗಾಣುವನ್ನು ತಡೆಯುವ ಶಕ್ತಿ ಅಷ್ಟು ಎಳೆಯ ಕರುಳಿಗೆ ಬಂದಿರುವುದಿಲ್ಲ.

ಆಡು ಮುಟ್ಟದ ಸೊಪ್ಪು ಎಂದು ಹೆಸರಾದ ಆಡುಸೋಗೆಯ ಕಥೆ ಇನ್ನೂ ಹತ್ತಿರದ್ದು. ಅದರ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ವಸ್ತುವಿನ ರಚನೆಯನ್ನು ಆಧರಿಸಿ 1960ರ ದಶಕದಲ್ಲಿ ಬ್ರೊಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಔಷಧ ತಯಾರಾಯಿತು. ಈಗಿನ ಸಿರಪ್ಪುಗಳ ಮೇಲೆ ಕಾಣುವ ಆ್ಯಂಬ್ರಾಕ್ಸಾಲ್, ಬ್ರೊಮ್‌ಹೆಕ್ಸಿನ್ ದೇಹದೊಳಗೆ ಮಾರ್ಪಟ್ಟಾಗ ಆಗುವ ವಸ್ತು. ಅರಿಶಿನ ಹಾಲಿಗೆ ಚಿಟಿಕೆ ಮೆಣಸಿನಪುಡಿ ಹಾಕುವ ಪದ್ಧತಿಗೆ ಬೆಂಗಳೂರಿನದೇ ಪುರಾವೆ ಉಂಟು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಸತ್ವವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಅದು ರಕ್ತಕ್ಕೆ ಸೇರುವ ಪ್ರಮಾಣ ಶೇ. 2,000ರಷ್ಟು ಏರಿತು. ಈ ಸಂಖ್ಯೆಯನ್ನು ಹಿಡಿದು ಅರಿಶಿನ ಹಾಲು ಎದೆಯ ಕಫವನ್ನು ಕರಗಿಸುತ್ತದೆಂದು ಸಾರುವವರನ್ನು ನಾನು ಒಪ್ಪಲಾರೆ. ರಕ್ತಕ್ಕೆ ಸೇರುವುದು ಬೇರೆ, ರೋಗ ಗುಣವಾಗುವುದು ಬೇರೆ. ಅಲ್ಲದೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಪಾಲು. ಆ ಪ್ರಯೋಗದ 2 ಗ್ರಾಮಿಗೆ ಅರವತ್ತು ಗ್ರಾಮಿಗೂ ಮೀರಿದ ಅರಿಶಿನ ಬೇಕು. ನಾವು ಹಾಲಿಗೆ ಹಾಕುವುದು ಕಾಲು ಚಮಚ. ಬಿಸಿ ಹಾಲು ಗಂಟಲಿಗೆ ಹಿತ, ನಿದ್ದೆಗೆ ಸಹಾಯ. ಅಷ್ಟಕ್ಕೇ ಅದನ್ನು ಕುಡಿಯಬಹುದು.

ಹಬೆ ಮತ್ತು ಮುಲಾಮಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹಬೆಯಿಂದ ನೆಗಡಿಗೆ ಖಚಿತವಾದ ಲಾಭವಿದೆಯೆಂದು ಪರೀಕ್ಷೆಗಳು ತೋರಿಸಿಲ್ಲ, ಕುದಿಯುವ ಪಾತ್ರೆ ಮಗುವಿನ ಮೇಲೆ ಮಗುಚಿ ಸುಟ್ಟ ಪ್ರಕರಣಗಳು ಮಾತ್ರ ಎಷ್ಟೋ. ಪುದೀನದ ಸತ್ವವಿರುವ ಮುಲಾಮು ಮೂಗಿನ ತಂಪಿನ ನರವನ್ನು ತಟ್ಟುತ್ತದೆ. ಉಸಿರು ಸಲೀಸಾದಂತೆ ಅನ್ನಿಸುತ್ತದೆ, ದಾರಿ ಅಷ್ಟೇ ಅಗಲ ಇರುತ್ತದೆ. ಕೊಬ್ಬರಿ ಎಣ್ಣೆಗೆ ಕರ್ಪೂರ ಕರಗಿಸಿ ಎದೆಗೆ ಹಚ್ಚುವ ಅಭ್ಯಾಸವನ್ನು ಎರಡು ವರ್ಷದೊಳಗಿನ ಮಕ್ಕಳ ಮಟ್ಟಿಗಂತೂ ಬಿಟ್ಟೇಬಿಡಬೇಕು. ಕರ್ಪೂರ ಹೊಟ್ಟೆಗೆ ಹೋದರೆ ಚಿಕ್ಕ ಮಕ್ಕಳಿಗೆ ಫಿಟ್ಸ್ ಬರುತ್ತದೆ.

ಇಲ್ಲಿ ಒಂದು ಮಾತು ಬಂದೇ ಬರುತ್ತದೆ: ಅಡುಗೆಮನೆಯ ಸಾಮಾನು ತಾನೆ, ಒಳ್ಳೆಯದಾಗದಿದ್ದರೂ ಕೆಡುಕೇನು? ಮೂರು ದಿನದ ಕಷಾಯಕ್ಕೆ ಈ ಮಾತು ಬಹುಮಟ್ಟಿಗೆ ಸರಿ. ಮೂರು ವಾರದ ಕಷಾಯಕ್ಕೆ ಸರಿಯಲ್ಲ. ಅತಿಮಧುರವನ್ನು ದಿನಗಟ್ಟಲೆ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಬಿಪಿ ಮಾತ್ರೆ ನುಂಗುವ ಹಿರಿಯರೇ ಅದನ್ನು ಹೆಚ್ಚು ಕುಡಿಯುತ್ತಾರೆ ಎಂಬುದು ಕಳವಳದ ವಿಷಯ. ಅರಿಶಿನವನ್ನು ರಕ್ತಕ್ಕೆ ಸೇರಿಸುವ ಪೈಪರಿನ್ ಉಬ್ಬಸಕ್ಕೆ ಕೊಡುವ ಥಿಯೊಫಿಲಿನ್ ಮಾತ್ರೆಯ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ಆಡುಸೋಗೆ ಗರ್ಭಕೋಶವನ್ನು ಸಂಕುಚಿಸುವ ಗುಣವುಳ್ಳದ್ದು, ಬಸುರಿಯರಿಗೆ ಸಲ್ಲದು. ಕೋವಿಡ್ ಕಾಲದಲ್ಲಿ ಬೇಲಿಯ ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಕುದಿಸಿ ಕುಡಿದ ಕೆಲವರ ಯಕೃತ್ತಿಗೆ ಪೆಟ್ಟು ಬಿದ್ದುದನ್ನು ಮುಂಬೈ ಮತ್ತಿತರ ಊರುಗಳ ವೈದ್ಯರು ದಾಖಲಿಸಿದ್ದಾರೆ. ಔಷಧದ ಗುಣ ಉಂಟೆಂದು ಒಪ್ಪಿದ ಮೇಲೆ ಔಷಧದ ದೋಷವೂ ಉಂಟೆಂದು ಒಪ್ಪಬೇಕಲ್ಲವೇ?

ಆದರೂ ಇವೆಲ್ಲಕ್ಕಿಂತ ದೊಡ್ಡ ಅಪಾಯ ಲೋಟದೊಳಗಿಲ್ಲ, ಕಾಯುವುದರಲ್ಲಿದೆ. ಮನೆಮದ್ದು ಮಾಡುತ್ತ ಕೂತು ಜನ ಕ್ಷಯವನ್ನು ಬೆಳೆಸಿಕೊಳ್ಳುತ್ತಾರೆ ಎಂದು ವೈದ್ಯರು ದೂರುವುದುಂಟು. ಈ ದೂರನ್ನು ನಮ್ಮ ರಾಜ್ಯದ ಇತಿಹಾಸ ಪೂರ್ತಿಯಾಗಿ ಎತ್ತಿಹಿಡಿಯುವುದಿಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ ಕಣ್ಣು ತೆರೆಸಿತು. ಹಳ್ಳಿಯ ಕ್ಷಯರೋಗಿಗಳಲ್ಲಿ ಬಹುತೇಕರಿಗೆ ತಮ್ಮ ಕೆಮ್ಮಿನ ಅರಿವಿತ್ತು; ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅಲ್ಲಿ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಮಿಕ್ಸ್ಚರ್. ಕಫ ಪರೀಕ್ಷೆ ಮಾಡದೆ ಮನೆಗೆ ಕಳಿಸಿದ್ದರು. ಅಂದರೆ ಅಜ್ಜಿಯ ಕಷಾಯ ಮಾಡುವ ತಪ್ಪನ್ನೇ ಆಸ್ಪತ್ರೆಯ ಬಾಟಲಿಯೂ ಮಾಡಿತ್ತು: ಕೆಮ್ಮನ್ನು ತಗ್ಗಿಸಲು ನೋಡಿತು, ಅದು ಎಷ್ಟು ದಿನದ್ದೆಂದು ಕೇಳಲಿಲ್ಲ. ದೇಶದ ಕ್ಷಯ ನಿಯಂತ್ರಣದ ವ್ಯವಸ್ಥೆ ಸಾಮಾನ್ಯ ಆಸ್ಪತ್ರೆಗಳ ಮೂಲಕವೇ ನಡೆಯುವಂತೆ ರೂಪುಗೊಳ್ಳಲು ಈ ಸಂಸ್ಥೆಯ ಕೆಲಸ ಕಾರಣವಾಯಿತು. ಇಂದು ಎರಡು ವಾರ ದಾಟಿದ ಯಾವ ಕೆಮ್ಮಿಗೂ ಕಫ ಪರೀಕ್ಷೆ ಆಗಬೇಕೆಂಬ ನಿಯಮವಿದೆ. ವಿಕ್ಟೋರಿಯಾ, ಕೆ.ಸಿ. ಜನರಲ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಕಾಸು ಕೊಡಬೇಕಿಲ್ಲ.

ಆಯುರ್ವೇದದ ಹೆಸರು ಹೇಳಿ ಈ ನಿಯಮವನ್ನು ತಳ್ಳಿಹಾಕುವಂತೆಯೂ ಇಲ್ಲ. ಚರಕಸಂಹಿತೆ ಕಾಸವನ್ನು, ಅಂದರೆ ಕೆಮ್ಮನ್ನು, ಐದು ಬಗೆ ಮಾಡುತ್ತದೆ: ವಾತದ್ದು, ಪಿತ್ತದ್ದು, ಕಫದ್ದು, ಎದೆಗೆ ಪೆಟ್ಟಾಗಿ ಬಂದದ್ದು, ಕ್ಷಯದಿಂದ ಬಂದದ್ದು. ಕೊನೆಯದು ಕಷ್ಟದ್ದೆಂದೂ, ಕಡೆಗಣಿಸಿದ ಕಾಸ ಕ್ಷಯಕ್ಕೆ ದಾರಿಯೆಂದೂ ಆ ಪರಂಪರೆಯೇ ಎಚ್ಚರಿಸುತ್ತದೆ. ಎಲ್ಲ ಕೆಮ್ಮಿಗೂ ಒಂದೇ ಕಷಾಯ ಎಂಬುದು ಶಾಸ್ತ್ರದ ಮಾತಲ್ಲ, ನಮ್ಮ ಸೋಮಾರಿತನದ ಮಾತು.

ಕ್ಷಯವೊಂದೇ ಅಲ್ಲ, ನಿಲ್ಲದ ಕೆಮ್ಮಿಗೆ ಬೇರೆ ಕಾರಣಗಳೂ ಇರುತ್ತವೆ. 1898ರ ಪ್ಲೇಗಿನ ಕಾಲಕ್ಕೆ ಕಿಕ್ಕಿರಿದ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರ ಬೆಳೆದದ್ದೇ ಗಾಳಿ ಬೆಳಕಿಗಾಗಿ. ಅಗಲ ರಸ್ತೆ, ಮನೆ ಸುತ್ತ ಖಾಲಿ ಜಾಗ. ಅದೇ ಊರಿನಲ್ಲಿ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ಪರೀಕ್ಷಿಸಿ ಕೊಟ್ಟ ಲೆಕ್ಕದಲ್ಲಿ ಆಸ್ತಮಾ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆಗಿತ್ತು. ಪ್ರತಿ ಚಳಿಗಾಲ ಮಗುವಿನ ಎದೆ ಕಟ್ಟುತ್ತದೆ ಎನ್ನುವ ಮನೆಯಲ್ಲಿ ಇರುವುದು ಬಹಳ ಸಲ ಶೀತವಲ್ಲ, ಉಬ್ಬಸ. ರಾಮಿಪ್ರಿಲ್, ಎನಲಾಪ್ರಿಲ್ ಬಗೆಯ ಬಿಪಿ ಮಾತ್ರೆ ಒಣಕೆಮ್ಮು ತರುತ್ತದೆ, ಮಾತ್ರೆ ಬದಲಿಸಿದರೆ ಹೋಗುತ್ತದೆ. ಮಲಗಿದರೆ ಹೆಚ್ಚಿ ಎದ್ದು ಕೂತರೆ ತಗ್ಗುವ ಕಟ್ಟುವಿಕೆ ಹೃದಯದ್ದಿರಬಹುದು. ಪರಿಷೆಯ ಬೀದಿಯಲ್ಲಂತೂ ಇನ್ನೊಂದು ಕಾರಣ ರಾಶಿ ಬಿದ್ದಿರುತ್ತದೆ. ಕಡಲೆಬೀಜ ತಿನ್ನುತ್ತ ಓಡುವ, ನಗುವ ಎರಡು ಮೂರು ವರ್ಷದ ಮಗುವಿನ ಶ್ವಾಸನಾಳಕ್ಕೆ ಬೀಜ ಜಾರಿದರೆ ಒಂದು ಕ್ಷಣ ಕೆಮ್ಮಿ ಸುಮ್ಮನಾಗುತ್ತದೆ. ಆಮೇಲೆ ವಾರಗಟ್ಟಲೆ ಒಂದೇ ಪಕ್ಕದ ಎದೆ ಗೊರಗುಡುತ್ತದೆ. ಕಡಲೆಕಾಯಿ ತಿಂದು ನೀರು ಕುಡಿದದ್ದಕ್ಕೆ ಕೆಮ್ಮು ಎಂದು ದೊಡ್ಡಪತ್ರೆ ಹಿಂಡುತ್ತ ಕೂತರೆ ಆ ಬೀಜ ಅಲ್ಲೇ ಇರುತ್ತದೆ. ಅದನ್ನು ಆಸ್ಪತ್ರೆಯಲ್ಲಿ ನಳಿಗೆ ಇಳಿಸಿಯೇ ತೆಗೆಯಬೇಕು.

ಸೂಕ್ಷ್ಮವಾಗಿ ಓದಿದವರಿಗೆ ಇಲ್ಲೊಂದು ತೊಡಕು ಕಂಡಿರಬೇಕು. ಸಾಮಾನ್ಯ ಕೆಮ್ಮೇ ಹದಿನೆಂಟು ದಿನ ಇರುವುದಾದರೆ ಹದಿನಾಲ್ಕನೆಯ ದಿನ ಆಸ್ಪತ್ರೆಗೆ ಹೋಗುವ ಬಹುಪಾಲು ಜನ ಸುಮ್ಮನೆ ಹೋದಂತಾಗುವುದಿಲ್ಲವೇ? ಆಗುತ್ತದೆ. ಆದರೆ ಕಫ ಕೊಟ್ಟು ಬರುವುದರಿಂದ ಕಳೆಯುವುದು ಅರ್ಧ ದಿನ. ಕ್ಷಯವನ್ನು ಇನ್ನೊಂದು ತಿಂಗಳು ಬಿಟ್ಟರೆ ಅದೇ ಮನೆಯ ಮಕ್ಕಳಿಗೂ ಅದು ಅಂಟುತ್ತದೆ. ಆಸ್ಪತ್ರೆಗೆ ಹೋದವರೆಲ್ಲ ಆ್ಯಂಟಿಬಯಾಟಿಕ್ ನುಂಗಬೇಕೆಂದೂ ಇಲ್ಲ. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದರೆ ಉಳಿದ ದಿನಗಳಿಗೆ ಅದೇ ಕಷಾಯ ಇದ್ದೇ ಇದೆ, ಆಗ ಅದನ್ನು ನೆಮ್ಮದಿಯಿಂದ ಕುಡಿಯಬಹುದು.

ಎರಡು ವಾರ ಕಾಯಲೇಬಾರದ ಸಂದರ್ಭಗಳೂ ಇವೆ. ಕಫದಲ್ಲಿ ರಕ್ತ, ಏದುಸಿರು, ಮೂರು ದಿನ ಇಳಿಯದ ಜ್ವರ, ರಾತ್ರಿ ಬೆವರು, ಇಳಿಯುತ್ತಿರುವ ತೂಕ ಇದ್ದರೆ ಅಂದೇ ಹೊರಡಬೇಕು. ಮಗು ಅಳದೆ ಸುಮ್ಮನೆ ಇರುವಾಗ ಅಂಗಿ ಎತ್ತಿ ಒಂದು ನಿಮಿಷ ಉಸಿರು ಎಣಿಸಿ: ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ನ್ಯುಮೋನಿಯಾದ ಶಂಕೆ. ಈ ಎಣಿಕೆಗೆ ಯಾವ ಸಲಕರಣೆಯೂ ಬೇಡ, ಗಡಿಯಾರದ ಮುಳ್ಳು ಸಾಕು. ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಅಡುಗೆಮನೆಯ ಗೋಡೆಯ ಮೇಲೆ ಹೇಗೂ ಇರುತ್ತದೆ. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಹಾಲು ಬೇಡವೆಂದ ದಿನ ಅದರಲ್ಲಿ ಗುರುತಾಗಿರುತ್ತದೆ. ಮೊದಲ ಕೆಮ್ಮಿನ ದಿನವನ್ನೂ ಪೆನ್ನಿನಲ್ಲಿ ಸುತ್ತಿ, ಅಲ್ಲಿಂದ ಹದಿನಾಲ್ಕನೆಯ ಮನೆಗೆ ಇನ್ನೊಂದು ಸುತ್ತು ಹಾಕಿ. ಆ ದಿನ ಬಂದಾಗ ಕೆಮ್ಮು ಉಳಿದಿದ್ದರೆ ವೈದ್ಯರ ಮುಂದೆ ಹೇಳಬೇಕಾದ್ದು ಎರಡು ಸಂಗತಿ: ಕೆಮ್ಮು ಶುರುವಾದ ತಾರೀಕು, ಮತ್ತು ಅಂದಿನಿಂದ ಮನೆಯಲ್ಲಿ ಕುದಿಸಿ ಕುಡಿದ ಪ್ರತಿಯೊಂದು ಬೇರು, ಎಲೆ, ಕಾಳಿನ ಹೆಸರು, ಸಂಕೋಚವಿಲ್ಲದೆ.